ಇವೆಂಟ್ ಫೀಲ್ಡಿಗೆ ಇಳಿಯುವ ಮುಂಚೆ: ಹೋಟೆಲಾ, ಮದುವೆ ಕಂಪನಿಯಾ, ಕಾನ್ಫರೆನ್ಸಾ, ಕ್ರೂಸಾ?

ಮಂಗಳೂರು, ಉಡುಪಿ ಕಡೆ ಇವೆಂಟ್ ಮ್ಯಾನೇಜ್‌ಮೆಂಟ್ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಮದುವೆ ಹಾಲ್‌ನ ಸ್ಟೇಜ್, ಹಿಂದೆ ಎಲ್‌ಇಡಿ ವಾಲ್, ವಾಕಿಟಾಕಿ ಹಿಡಿದು ಓಡಾಡುವ ಹುಡುಗರು. ಕಾಲೇಜಿನ ಬ್ರೋಷರ್‌ನಲ್ಲೂ ಅದೇ ಫೋಟೊ ಇರುತ್ತದೆ. ಅದೂ ಒಳ್ಳೆಯ ಕೆಲಸವೇ, ಬೇಡ ಅನ್ನುವುದಿಲ್ಲ. ಆದರೆ ನಿಮಗೆ ಬೇಕಿರುವುದು ಪ್ರವಾಸೋದ್ಯಮದ ಒಳಗಿನ ಇವೆಂಟ್ ಕೆಲಸ ಆದರೆ ಲೆಕ್ಕ ಸ್ವಲ್ಪ ಬೇರೆ. ಕಂಕನಾಡಿಯ ಹುಡುಗಿ, ಬಿಜೈಯ ಹುಡುಗ, ನೆಂಟರೆಲ್ಲ ಸುರತ್ಕಲ್‌ನಿಂದ ತೊಕ್ಕೊಟ್ಟಿನ ಒಳಗಿನವರು ಅಂತಾದರೆ ಆ ಮದುವೆ ಮುಗಿಸಿ ಎಲ್ಲರೂ ಅವರವರ ಮನೆಗೇ ಹೋಗಿ ಮಲಗುತ್ತಾರೆ. ಹೊರಗಿನಿಂದ ಜನ ಬಂದು, ಇಲ್ಲಿ ರೂಮ್ ಹಿಡಿದು, ಇಲ್ಲಿನ ಗಾಡಿ ಹತ್ತಿ, ಎರಡು ದಿನ ಇದ್ದು ಹೋದರೆ ಅದು ಟೂರಿಸಂ. ಆಗ ಹೂವಿನ ಅಲಂಕಾರಕ್ಕಿಂತ ರೂಮ್ ಲಿಸ್ಟ್, ಏರ್‌ಪೋರ್ಟ್ ಪಿಕಪ್, ಬಸ್ಸಿನ ಟೈಮ್ ಇವೇ ದೊಡ್ಡ ತಲೆನೋವು. ಸಂಬಳ ಸಿಗುವುದೂ ಆ ತಲೆನೋವಿಗೇ.

ಹಾಗಾಗಿ ಯಾವ ದಾರಿ ಅಂತ ಹೋಲಿಸುವಾಗ ನಾನು ಎರಡೇ ಪ್ರಶ್ನೆ ಕೇಳುವುದು. ದುಡ್ಡು ಕೊಡುವವರು ಯಾರು? ಯಾವ ತಿಂಗಳಲ್ಲಿ ಕೊಡುತ್ತಾರೆ?

ಎರಡನೇ ಪ್ರಶ್ನೆಯಿಂದಲೇ ಶುರು ಮಾಡೋಣ, ಯಾಕೆಂದರೆ ಬೆಂಗಳೂರಿನವರು ಬರೆದ ಕರಿಯರ್ ಲೇಖನಗಳಲ್ಲಿ ಇದು ಇರುವುದೇ ಇಲ್ಲ.

ಕರಾವಳಿಯ ವರ್ಷ

ನಮ್ಮ ಕಡೆ ಕೆಲಸ ಹನ್ನೆರಡು ತಿಂಗಳೂ ಒಂದೇ ಸಮ ಇರುವುದಿಲ್ಲ. ದೀಪಾವಳಿ ಹೊತ್ತಿಗೆ ಶುರುವಾಗುವ ಕೋಲ, ನೇಮ, ಕಂಬಳ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ಮೇ ಕೊನೆಯ ಪತ್ತನಾಜೆ (ತುಳುವರ ಲೆಕ್ಕದಲ್ಲಿ ಇವಕ್ಕೆಲ್ಲ ತೆರೆ ಬೀಳುವ ದಿನ) ಬರುವಷ್ಟರಲ್ಲಿ ಮುಗಿದಿರುತ್ತದೆ. ಆಮೇಲೆ ಮಳೆ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಬೋಟ್ ಬಂದ್. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಜರಿದರೆ ಬೆಂಗಳೂರಿನಿಂದ ಬರಬೇಕಾದ ಟ್ರಸ್ (ಸ್ಟೇಜಿನ ಲೋಹದ ಚೌಕಟ್ಟು), ಲೈಟು, ಬ್ಯಾಂಡಿನವರು ಎಲ್ಲ ಘಾಟಿಯಲ್ಲೇ ಬಾಕಿ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ತುಳುವರ ಮನೆಯಲ್ಲಿ ಮದುವೆ ಇಲ್ಲ. ಕ್ರಿಶ್ಚಿಯನ್ ಮದುವೆಗಳು ಕ್ರಿಸ್ಮಸ್ ಆದ ಮೇಲೆ ಮತ್ತು ಈಸ್ಟರ್ ಆದ ಮೇಲೆ ಒಟ್ಟಿಗೇ ಬರುತ್ತವೆ, ಬ್ಯಾರಿಗಳ ಮದುವೆ ರಂಜಾನ್ ತಿಂಗಳು ಬಿಟ್ಟು, ಇದರ ಮೇಲೆ ಗಲ್ಫಿನಲ್ಲಿರುವ ಅಣ್ಣನಿಗೋ ಭಾವನಿಗೋ ರಜೆ ಯಾವಾಗ ಸಿಗುತ್ತದೆ ಅನ್ನುವುದೂ ಸೇರಿಕೊಂಡು ಕೊನೆಗೆ ಡಿಸೆಂಬರ್–ಜನವರಿ ಮತ್ತು ಏಪ್ರಿಲ್–ಮೇ ಇವೆರಡರಲ್ಲೇ ಅರ್ಧಕ್ಕಿಂತ ಜಾಸ್ತಿ ಕೆಲಸ ಬಂದು ಬೀಳುತ್ತದೆ.

ಮಳೆಗಾಲದಲ್ಲಿ ಕಾರ್ಯಕ್ರಮವೇ ಇಲ್ಲ ಅಂತಲ್ಲ. ಆಟಿಡೊಂಜಿ ದಿನ ಉಂಟು, ಕೆಸರುಗದ್ದೆ ಆಟ ಉಂಟು, ಉಡುಪಿಯ ಅಷ್ಟಮಿ, ವಿಟ್ಲಪಿಂಡಿ, ಆಮೇಲೆ ಕುದ್ರೋಳಿಯ ದಸರಾ, ಹುಲಿವೇಷ. ಆದರೆ ಇವೆಲ್ಲ ಸಂಘ, ಸಮಿತಿಗಳು ನಡೆಸುವುದು. ಶಾಮಿಯಾನದವರಿಗೆ, ಸೌಂಡ್ಸ್‌ನವರಿಗೆ ಬಾಡಿಗೆ ಸಿಗುತ್ತದೆ. ಪ್ಲಾನ್ ಮಾಡಿದವನಿಗೆ ಸಿಗುವುದು ಶಾಲು, ಸ್ಮರಣಿಕೆ.

ಈಗ ಒಂದೊಂದೇ ದಾರಿ ನೋಡೋಣ.

ಹೋಟೆಲ್‌ನ ಬ್ಯಾಂಕ್ವೆಟ್

ಬ್ಯಾಂಕ್ವೆಟ್ ಅಂದರೆ ಹೋಟೆಲಿನ ಪಾರ್ಟಿ ಹಾಲ್ ವಿಭಾಗ. ದುಡ್ಡು ಕೊಡುವುದು ಹೋಟೆಲ್, ಅದೂ ಪ್ರತಿ ತಿಂಗಳು. ಜುಲೈಯಲ್ಲಿ ಹಾಲ್ ಖಾಲಿ ಬಿದ್ದಿದ್ದರೂ ಸಂಬಳ ನಿಲ್ಲುವುದಿಲ್ಲ. ಬ್ಯಾಂಕ್ ಲೋನ್ ಮಾಡಿ ಓದಿದವರಿಗೆ ಇದು ಸಣ್ಣ ಮಾತಲ್ಲ.

ಕಲಿಯುವುದಕ್ಕೂ ಇದೇ ಒಳ್ಳೆಯ ಜಾಗ ಅಂತ ನನಗೆ ಅನ್ನಿಸುತ್ತದೆ. ಒಂದು ಕಾರ್ಯಕ್ರಮ ಬುಕ್ ಆದ ಕೂಡಲೇ ಫಂಕ್ಷನ್ ಪ್ರಾಸ್ಪೆಕ್ಟಸ್ ಅಂತ ಒಂದು ಹಾಳೆ ತಯಾರಾಗುತ್ತದೆ, ಹೋಟೆಲ್‌ನವರ ಬಾಯಲ್ಲಿ ಎಫ್‌ಪಿ. ಎಷ್ಟು ಜನ, ಎಷ್ಟು ಗಂಟೆಗೆ ಟೀ, ಯಾವ ಮೆನು, ಕುರ್ಚಿ ಸಾಲಾಗಿ ಹಾಕುವುದಾ ದುಂಡು ಮೇಜಾ, ಮೈಕ್ ಎಷ್ಟು, ಬಿಲ್ ಯಾರ ಹೆಸರಿಗೆ, ಅಡ್ವಾನ್ಸ್ ಎಷ್ಟು ಬಂತು, ಎಲ್ಲ ಅದರಲ್ಲಿ ಇರುತ್ತದೆ. ಕಿಚನ್, ಹೌಸ್‌ಕೀಪಿಂಗ್, ಸೆಕ್ಯುರಿಟಿ, ಅಕೌಂಟ್ಸ್ ಎಲ್ಲರಿಗೂ ಒಂದೊಂದು ಪ್ರತಿ ಹೋಗುತ್ತದೆ. ಇದನ್ನು ತಪ್ಪಿಲ್ಲದೆ ಬರೆಯಲು ಬಂದರೆ ಇವೆಂಟ್ ಕೆಲಸದ ಅರ್ಧ ಬಂದ ಹಾಗೆ. ಇನ್ನೊಂದು, ಮಿನಿಮಮ್ ಗ್ಯಾರಂಟಿ. ಪಾರ್ಟಿಯವರು 300 ಪ್ಲೇಟ್ ಅಂತ ಬರೆದುಕೊಟ್ಟ ಮೇಲೆ 220 ಜನವೇ ಬಂದರೂ 300ರ ಬಿಲ್. ಬಂದವರು 340 ಆದರೆ ಹೆಚ್ಚಿನದಕ್ಕೂ ಬಿಲ್. ಈ ಮಾತನ್ನು ಮಾಲಕರಿಗೂ ಬೇಜಾರಾಗದ ಹಾಗೆ, ಮದುಮಗಳ ಅಪ್ಪನಿಗೂ ಸಿಟ್ಟು ಬರದ ಹಾಗೆ ರಾತ್ರಿ ಹನ್ನೊಂದು ಗಂಟೆಗೆ ಹೇಳಲು ಯಾವ ಕಾಲೇಜೂ ಕಲಿಸುವುದಿಲ್ಲ.

ಕಷ್ಟ ಏನೆಂದರೆ, ಶುರುವಿನಲ್ಲಿ ನಿಮ್ಮನ್ನು ಪ್ಲಾನಿಂಗ್‌ಗೆ ಯಾರೂ ಕೂರಿಸುವುದಿಲ್ಲ. ಟ್ರೇ ಹಿಡಿಯಬೇಕು, ಗ್ಲಾಸ್ ಒರೆಸಬೇಕು, ಬಫೆ ಹಿಂದೆ ನಿಲ್ಲಬೇಕು. ಅದು ಪರವಾಗಿಲ್ಲ. ಆದರೆ ಅಲ್ಲೇ ಉಳಿದುಬಿಡುವವರೂ ಇದ್ದಾರೆ. ಬ್ಯಾಂಕ್ವೆಟ್ ಸರ್ವಿಸ್‌ನಿಂದ ಬ್ಯಾಂಕ್ವೆಟ್ ಸೇಲ್ಸ್‌ಗೆ ಹೋಗುವುದು ಇಲ್ಲಿ ನಿಜವಾದ ಮೆಟ್ಟಿಲು. ಎರಡು ವರ್ಷ ಆದ ಮೇಲೂ ಅದಕ್ಕೆ ದಾರಿ ಕಾಣದಿದ್ದರೆ ಹೋಟೆಲ್ ಬದಲಿಸಿ, ಫೀಲ್ಡ್ ಬದಲಿಸಬೇಡಿ.

ಮದುವೆ, ಕಾರ್ಪೊರೇಟ್ ಇವೆಂಟ್ ಕಂಪನಿ

ಇಲ್ಲಿ ಎಲ್ಲ ಬೇಗ ಕೈಗೆ ಸಿಗುತ್ತದೆ. ಸೇರಿದ ತಿಂಗಳೇ ಸ್ಟೇಜ್ ಹಿಂದೆ ನಿಂತು ಎಂಸಿಗೆ (ನಿರೂಪಕರಿಗೆ) ಸನ್ನೆ ಮಾಡುತ್ತಿರುತ್ತೀರಿ. ದುಡ್ಡು ಕೊಡುವವರು ಮನೆಯವರು, ಸೀಸನ್‌ನಲ್ಲಿ ಮಾತ್ರ. ಸಣ್ಣ ಕಂಪನಿಗಳಲ್ಲಿ ಮಳೆಗಾಲಕ್ಕೆ ಹುಡುಗರನ್ನು ಸುಮ್ನೆ ಇಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ, ಅದಕ್ಕೆ ಇವೆಂಟ್ ಲೆಕ್ಕದಲ್ಲೇ ಕೊಡುತ್ತಾರೆ.

ಇಲ್ಲಿ ಕಲಿಯುವುದು ಮುಖ್ಯವಾಗಿ ವೆಂಡರ್‌ಗಳನ್ನು ಸಂಭಾಳಿಸುವುದು ಮತ್ತು ರೇಟ್. ಉಡುಪಿ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಅಟ್ಟೆ (ಪೋಣಿಸಿದ ಹೂವಿನ ಕಟ್ಟು) ಲೆಕ್ಕದಲ್ಲಿ ಮಾರುತ್ತಾರೆ, ದರ ದಿನದಿನಕ್ಕೆ ಬದಲಾಗುತ್ತದೆ, ಮುಹೂರ್ತ ಜಾಸ್ತಿ ಇರುವ ವಾರ ಸೀದಾ ಆಕಾಶಕ್ಕೆ. ಮೂರು ತಿಂಗಳ ಹಿಂದೆ ಕೊಟ್ಟ ಕೊಟೇಷನ್‌ನಲ್ಲಿ ಮಲ್ಲಿಗೆಗೆ ಒಂದೇ ರೇಟ್ ಬರೆದಿದ್ದರೆ ಲಾಭ ಅಲ್ಲೇ ಹೋಯಿತು. "ಆ ದಿನದ ದರ" ಅಂತ ಬರೆಯಬೇಕು. ಇನ್ನು ತೆರಿಗೆ. 5 ಲಕ್ಷದ ಕೆಲಸಕ್ಕೆ ಶೇಕಡಾ 18ರ ಜಿಎಸ್‌ಟಿ ಅಂದರೆ 90 ಸಾವಿರ. "ಬಿಲ್ ಎಲ್ಲ ಬೇಡ ಮಾರಾಯ್ರೆ, ಹಾಗೇ ಮಾಡಿ ಕೊಡಿ" ಅನ್ನುವವರು ಪ್ರತಿ ಸೀಸನ್‌ನಲ್ಲೂ ಸಿಗುತ್ತಾರೆ. ಕಂಪನಿಯ ಮಾಲಕ ಇದಕ್ಕೆ ಏನು ಹೇಳುತ್ತಾನೆ ಅಂತ ನೋಡಿಕೊಳ್ಳಿ. ನಿಮ್ಮ ಸಂಬಳವೂ ಹಾಗೇ ಲೆಕ್ಕವಿಲ್ಲದೆ ಬರುತ್ತದಾ ಅಂತ ಅದರಲ್ಲೇ ಗೊತ್ತಾಗುತ್ತದೆ.

ಮದುವೆಯಲ್ಲೂ ಟೂರಿಸಂ ಅನ್ನಿಸುವ ಒಂದು ಭಾಗ ಉಂಟು: ಹೊರ ಊರಿನವರು ಬೀಚ್ ರೆಸಾರ್ಟ್‌ಗೆ ಬಂದು ಮಾಡುವ ಮದುವೆ. ಕೆಲಸ ಒಳ್ಳೆಯದು, ದುಡ್ಡೂ ಉಂಟು. ಆದರೆ ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಲೌಡ್‌ಸ್ಪೀಕರ್ ಹಾಕುವಂತಿಲ್ಲ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲೇ ಅದು ಇದೆ. ಬಾಗಿಲು ಮುಚ್ಚಿದ ಹಾಲ್‌ಗೆ ವಿನಾಯಿತಿ ಉಂಟು, ಲಾನ್‌ಗೆ ಇಲ್ಲ. ಸಂಗೀತ್ ಅಂತ ದಿಲ್ಲಿಯಿಂದ ಬಂದವರು ಕುಣಿಯಲು ಶುರು ಮಾಡುವುದೇ ಒಂಬತ್ತೂವರೆಗೆ! ಹಾಗಾಗಿ ಊಟ ಹೊರಗೆ, ಡಿಜೆ ಒಳಗೆ ಅಂತ ಮೊದಲೇ ಪ್ಲಾನ್ ಮಾಡಬೇಕು. ಸಮುದ್ರದ ಗಾಳಿಗೆ ಬಟ್ಟೆಯ ಪೆಂಡಾಲ್ ನಿಲ್ಲುತ್ತದಾ, ಉಬ್ಬರದಲ್ಲಿ ನೀರು ಎಲ್ಲಿವರೆಗೆ ಬರುತ್ತದೆ ಅಂತೆಲ್ಲ ಮೀನುಗಾರರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ.

ಕಾನ್ಫರೆನ್ಸ್: ಯಾರೂ ಹೇಳದ ದಾರಿ

ನನ್ನನ್ನು ಕೇಳಿದರೆ ಮಂಗಳೂರು–ಮಣಿಪಾಲದಲ್ಲಿ ಟೂರಿಸಂ ಇವೆಂಟ್ ಅಂತ ನಿಜವಾಗಿ ಕರೆಯಬಹುದಾದ, ವರ್ಷಕ್ಕೆ ಜಾಸ್ತಿ ತಿಂಗಳು ಕೆಲಸ ಇರುವ ದಾರಿ ಇದೇ. ಕಾರಣ ಸುಲಭ. ಇಷ್ಟು ಸಣ್ಣ ಜಾಗದಲ್ಲಿ ಎಷ್ಟು ಮೆಡಿಕಲ್ ಕಾಲೇಜು ಉಂಟು ನೋಡಿ: ಮಣಿಪಾಲದಲ್ಲಿ ಕೆಎಂಸಿ, ಮಂಗಳೂರಿನಲ್ಲೂ ಕೆಎಂಸಿ, ಫಾದರ್ ಮುಲ್ಲರ್, ಎ.ಜೆ., ದೇರಳಕಟ್ಟೆ ಕಡೆಗೆ ಹೋದರೆ ಕೆ.ಎಸ್. ಹೆಗ್ಡೆ, ಯೇನೆಪೋಯ. ಡೆಂಟಲ್, ನರ್ಸಿಂಗ್, ಫಾರ್ಮಸಿ ಬೇರೆ. ಸುರತ್ಕಲ್‌ನಲ್ಲಿ ಎನ್‌ಐಟಿಕೆ. ಡಾಕ್ಟರ್‌ಗಳ ಒಂದೊಂದು ಸಂಘಕ್ಕೂ ರಾಜ್ಯ ಮಟ್ಟದ್ದು, ರಾಷ್ಟ್ರ ಮಟ್ಟದ್ದು ಅಂತ ಸಮ್ಮೇಳನ ಇರುತ್ತದೆ, ಅದು ಊರಿಂದ ಊರಿಗೆ ತಿರುಗುತ್ತದೆ, ನಮ್ಮ ಊರಿನ ಪಾಳಿ ಬಂದಾಗ ಹೊರಗಿನ ಡಾಕ್ಟರ್‌ಗಳು ಫ್ಲೈಟ್ ಹಿಡಿದು ಬರುತ್ತಾರೆ, ಕೆಲವರು ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಂದು ಒಂದು ದಿನ ಕೃಷ್ಣ ಮಠ, ಮಲ್ಪೆ, ಇನ್ನೊಂದು ದಿನ ಕೊಲ್ಲೂರು ಅಂತ ಇಟ್ಟುಕೊಳ್ಳುತ್ತಾರೆ. ರೂಮು, ಗಾಡಿ, ಊಟ, ಸುತ್ತಾಟ ಎಲ್ಲ ಬೇಕು.

ದುಡ್ಡು ಕೊಡುವವರು ಯಾರು? ಡೆಲಿಗೇಟ್‌ಗಳ ರಿಜಿಸ್ಟ್ರೇಷನ್ ಫೀಸ್, ಜೊತೆಗೆ ಸ್ಟಾಲ್ ಹಾಕುವ ಔಷಧ ಮತ್ತು ಉಪಕರಣ ಕಂಪನಿಗಳು. ರಿಜಿಸ್ಟ್ರೇಷನ್ ಮೊದಲೇ ಬರುವುದರಿಂದ ಕೈಯಲ್ಲಿ ಹಣ ಇಟ್ಟುಕೊಂಡೇ ಕೆಲಸ ಮಾಡಬಹುದು, ಮದುವೆಯಲ್ಲಿ ಬಾಕಿ ವಸೂಲಿಗೆ ಅಲೆಯುವಷ್ಟು ಇಲ್ಲಿ ಅಲೆಯಬೇಕಿಲ್ಲ. ಯಾವ ತಿಂಗಳು? ಎಲ್ಲ ಒಳಾಂಗಣದಲ್ಲೇ ನಡೆಯುವುದರಿಂದ ಮಳೆಯ ಹೆದರಿಕೆ ಕಡಿಮೆ, ಮುಹೂರ್ತ ನೋಡಬೇಕಾಗಿಲ್ಲ. ಉಲ್ಟಾ, ಮುಹೂರ್ತದ ದಿನ ಹಾಲ್ ಸಿಗದ ಕಾರಣ ಮದುವೆ ಇಲ್ಲದ ವಾರವನ್ನೇ ಹುಡುಕುತ್ತಾರೆ. ಎಂ.ಜಿ. ರಸ್ತೆಯ ಟಿ.ಎಂ.ಎ. ಪೈ ಕನ್ವೆನ್ಷನ್ ಸೆಂಟರ್‌ನಂಥ ಜಾಗಕ್ಕೆ ವರ್ಷದ ಮುಂಚೆಯೇ ಬುಕಿಂಗ್ ಕೇಳುವುದು ಇದಕ್ಕೇ.

ಕೆಲಸದಲ್ಲಿ ಬಣ್ಣ ಇಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಆರ್ಗನೈಸಿಂಗ್ ಸೆಕ್ರೆಟರಿ ಒಬ್ಬ ಸರ್ಜನ್ ಆಗಿರುತ್ತಾರೆ, ಅವರು ಫೋನ್ ಎತ್ತುವುದು ರಾತ್ರಿ ಹತ್ತರ ಮೇಲೆ. ರಿಜಿಸ್ಟ್ರೇಷನ್ ಪಟ್ಟಿಯಲ್ಲಿ ಒಂದೇ ಹೆಸರು ಮೂರು ಸಲ, ಬ್ಯಾಡ್ಜ್‌ನಲ್ಲಿ ಸ್ಪೆಲಿಂಗ್ ತಪ್ಪು, ಭಾಷಣಕಾರರ ಪೆನ್‌ಡ್ರೈವ್ ಓಪನ್ ಆಗುವುದಿಲ್ಲ, ಪಕ್ಕದ ಹಾಲ್‌ನ ಸೆಷನ್ ಇಪ್ಪತ್ತು ನಿಮಿಷ ಲೇಟಾಗಿ ಊಟದ ಸಾಲು ರಸ್ತೆವರೆಗೆ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಿಂದ ಕ್ರೆಡಿಟ್ ಅವರ್ಸ್ (ಡಾಕ್ಟರುಗಳ ಕಲಿಕೆಯ ಲೆಕ್ಕಕ್ಕೆ ಸೇರುವ ಗಂಟೆಗಳು) ಮಂಜೂರಾಗಬೇಕು, ಹಾಜರಾತಿ ಸರಿ ಇರಬೇಕು, ಇಲ್ಲದಿದ್ದರೆ ಡಾಕ್ಟರ್‌ಗಳು ಬಿಡುವುದಿಲ್ಲ. ಎಕ್ಸೆಲ್ ಚೆನ್ನಾಗಿ ಬರಬೇಕು, ಇಂಗ್ಲಿಷ್‌ನಲ್ಲಿ ಒಂದು ಮೇಲ್ ನೆಟ್ಟಗೆ ಬರೆಯಲು ಬರಬೇಕು. ಸ್ಟೇಜ್ ಮೇಲೆ ಕಾಣಿಸಿಕೊಳ್ಳಬೇಕು ಅನ್ನುವ ಆಸೆ ಇದ್ದವರಿಗೆ ಇದು ಬೋರ್ ಹೊಡೆಸುತ್ತದೆ. ಲೆಕ್ಕ ಪಕ್ಕಾ ಇರುವ, ಗಡಿಬಿಡಿಯಲ್ಲಿ ಧ್ವನಿ ಏರಿಸದ ಹುಡುಗ ಹುಡುಗಿಯರಿಗೆ ಇಲ್ಲಿ ಬೆಲೆ ಉಂಟು.

ಪಣಂಬೂರಿಗೆ ಬರುವ ಹಡಗು

ನವಮಂಗಳೂರು ಬಂದರಿಗೆ ಕ್ರೂಸ್ ಹಡಗುಗಳು ಬರುವುದು ಮಳೆ ಬಿಟ್ಟ ಮೇಲಿನ ತಿಂಗಳುಗಳಲ್ಲಿ. ಸಾಮಾನ್ಯವಾಗಿ ಬೆಳಗ್ಗೆ ಬಂದು ಸಂಜೆ ಹೊರಡುತ್ತವೆ. ಆ ಕೆಲವೇ ಗಂಟೆಗಳಲ್ಲಿ ಪ್ರಯಾಣಿಕರಿಗೆ ಸೇಂಟ್ ಅಲೋಶಿಯಸ್ ಚಾಪೆಲ್‌ನ ಚಿತ್ರಗಳು, ಕುದ್ರೋಳಿ ದೇವಸ್ಥಾನ, ಗೇರುಬೀಜದ ಫ್ಯಾಕ್ಟರಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ತೋರಿಸಿ ವಾಪಸ್ ಹಡಗು ಹತ್ತಿಸಬೇಕು. ಮೂಡುಬಿದಿರೆಗೆ ಹೋಗಿ ಬರುವಾಗ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡರೆ ಹಡಗು ಕಾಯುವುದಿಲ್ಲ. ಬಂದರಿನ ಒಳಗೆ ಹೋಗಲು ಪಾಸ್ ಬೇಕು, ಬಸ್ಸಿನ ಎಸಿ ಕೆಲಸ ಮಾಡಬೇಕು, ಗೈಡ್‌ಗೆ ಬಸದಿ ಬಗ್ಗೆ ಸರಿಯಾಗಿ ಗೊತ್ತಿರಬೇಕು.

ಕಲಿಯಲು ಭಾರೀ ಚೆನ್ನಾಗಿದೆ, ಬದುಕಲು ಸಾಲದು. ಹಡಗಿನ ಕಂಪನಿಯ ಜೊತೆಗಿನ ಮುಖ್ಯ ಒಪ್ಪಂದ ಸಾಮಾನ್ಯವಾಗಿ ದೊಡ್ಡ ಊರಿನ ಟೂರ್ ಕಂಪನಿಗಳ ಕೈಯಲ್ಲಿ ಇರುತ್ತದೆ, ನಮ್ಮವರಿಗೆ ಬರುವುದು ಗಾಡಿ ಮತ್ತು ಗೈಡ್ ಕೆಲಸ. ಹಾಗಾಗಿ ಹಡಗನ್ನೇ ನಂಬದೆ, ಹಡಗು, ಶಾಲಾ ಪ್ರವಾಸ, ಕಂಪನಿಗಳ ಟೀಮ್ ಔಟಿಂಗ್, ದೇವಸ್ಥಾನಗಳ ಗುಂಪು ಯಾತ್ರೆ ಎಲ್ಲ ಮಾಡುವ ಟೂರ್ ಆಫೀಸ್ ಸೇರಿ. ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿ, ಕೊಲ್ಲೂರಿಗೆ ಬರುವ ಜನ ಮಳೆಗಾಲದಲ್ಲೂ ಪೂರ್ತಿ ನಿಲ್ಲುವುದಿಲ್ಲ.

ಸರ್ಕಾರಿ ಉತ್ಸವ ಮತ್ತು ಟೆಂಡರ್

ಕರಾವಳಿ ಉತ್ಸವ, ಬೀಚ್ ಉತ್ಸವ ಇತ್ಯಾದಿ. ಹೊರಗಿನಿಂದ ನೋಡಿದರೆ ದೊಡ್ಡ ಕೆಲಸ, ದೊಡ್ಡ ಹೆಸರು. ಸ್ವಂತ ಕಂಪನಿ ಮಾಡಬೇಕು ಅಂತಿರುವವರು ಮಾತ್ರ ಇದನ್ನು ಓದಿ, ಉಳಿದವರು ದಾಟಿ ಹೋಗಿ. ಟೆಂಡರ್‌ಗೆ ಇಎಂಡಿ (ಮುಂಗಡ ಠೇವಣಿ) ಕಟ್ಟಬೇಕು, ಶಾಮಿಯಾನ, ಜನರೇಟರ್, ಕಲಾವಿದರಿಗೆ ನಿಮ್ಮ ಜೇಬಿನಿಂದ ಮೊದಲು ಕೊಡಬೇಕು, ಬಿಲ್ ಪಾಸಾಗುವುದು ಯಾವಾಗಲೋ. ಇನ್‌ವಾಯ್ಸ್ ಬರೆದ ತಿಂಗಳ ಜಿಎಸ್‌ಟಿ ಮಾತ್ರ ಮುಂದಿನ ತಿಂಗಳೇ ಕಟ್ಟಬೇಕು, ಹಣ ಬಂದಿರಲಿ ಬಿಡಲಿ. ಲಾಭದಲ್ಲಿದ್ದೂ ಕೈಯಲ್ಲಿ ಕಾಸಿಲ್ಲದೆ ಮುಚ್ಚಿದ ಕಂಪನಿಗಳು ಇದೇ ಗುಂಡಿಗೆ ಬಿದ್ದದ್ದು.

ಜನ ಸೇರುವ ಕಾರ್ಯಕ್ರಮದ ಜವಾಬ್ದಾರಿಯೂ ಈಗ ಬೇರೆ ಮಟ್ಟದ್ದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರಲ್ವಾ, ಆಗ ಇವೆಂಟ್ ನಡೆಸಿದ ಕಂಪನಿಯವರ ಮೇಲೂ ಕೇಸ್ ಬಿತ್ತು. ಗೇಟ್ ಎಷ್ಟು, ಹೊರಹೋಗುವ ದಾರಿ ಎಷ್ಟು ಅಗಲ, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ಇದನ್ನು ಕಲಿಯದೆ ಬಯಲು ಕಾರ್ಯಕ್ರಮಕ್ಕೆ ಸಹಿ ಹಾಕಬೇಡಿ. ಕಲಿಯಲು ಪುಕ್ಕಟೆ ಶಾಲೆ ನಮ್ಮಲ್ಲೇ ಉಂಟು: ಎರಡು ವರ್ಷಕ್ಕೊಮ್ಮೆ ಜನವರಿ 18ರ ಉಡುಪಿ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಜೋಡುಕಟ್ಟೆಯಿಂದ ಹೊರಡುವ ಮೆರವಣಿಗೆ, ತುಂಬಿ ತುಳುಕುವ ರಥಬೀದಿ, ಸಾವಿರಾರು ಜನಕ್ಕೆ ಊಟ, ಭಕ್ತರು ತರುವ ಅಕ್ಕಿ ತರಕಾರಿಯ ಹೊರೆಕಾಣಿಕೆಯ ದಾಸ್ತಾನು. ಸ್ವಯಂಸೇವಕರಾಗಿ ಸೇರಿ, ಪಾರ್ಕಿಂಗ್‌ಗೆ ಹಾಕಿದರೂ ಬೇಡ ಅನ್ನಬೇಡಿ.

ಎಂಸಿ, ನಿರೂಪಣೆ ಅಂತ ಹೊರಡುವವರ ಬಗ್ಗೆ ಒಂದೇ ಮಾತು. ಕೊಂಕಣಿ, ತುಳು, ಕನ್ನಡ, ಇಂಗ್ಲಿಷ್ ನಾಲ್ಕರಲ್ಲೂ ನಗಿಸಲು ಬಂದರೆ ಕ್ರಿಶ್ಚಿಯನ್ ಮದುವೆಯ ಮುಂಚಿನ ರೋಸ್‌ನಿಂದ ರಿಸೆಪ್ಷನ್‌ವರೆಗೆ ನಿಮಗೆ ಬಿಡುವಿರುವುದಿಲ್ಲ. ಆದರೆ ಅದು ಕಲಾವಿದರ ದಾರಿ, ಮ್ಯಾನೇಜರ್‌ದಲ್ಲ. ವಾರದ ದಿನಗಳಲ್ಲಿ ಬೇರೆ ಕೆಲಸ ಇಟ್ಟುಕೊಂಡು ಮಾಡಿ.

ಹಾಗಾದರೆ ಎಂತ ಓದುವುದು?

ಪಿಯುಸಿ ಆದ ಮೇಲೆ ಬರೀ ಇವೆಂಟ್ ಮ್ಯಾನೇಜ್‌ಮೆಂಟ್ ಅಂತ ಹೆಸರಿರುವ ಡಿಪ್ಲೊಮಾಗೆ ದೊಡ್ಡ ಫೀಸ್ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಡಿಗ್ರಿ ಬೇಕೇ ಬೇಕು, ಗಲ್ಫಿಗೆ ಹೋಗುವಾಗಲೂ ಕೇಳುತ್ತಾರೆ. ಹೋಟೆಲ್ ದಾರಿ ಪಕ್ಕಾ ಅಂತಿದ್ದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ. ಮಣಿಪಾಲದ ವೆಲ್‌ಕಮ್‌ಗ್ರೂಪ್ ಕಾಲೇಜು 1986ರಿಂದ ಇದೆ, ಹೆಸರು ದೊಡ್ಡದು, ಫೀಸೂ ದೊಡ್ಡದು. ಅಷ್ಟು ಆಗದಿದ್ದರೆ ಎನ್‌ಸಿಎಚ್‌ಎಂ ಜೆಇಇ ಪ್ರವೇಶ ಪರೀಕ್ಷೆ ಬರೆದು ಸರ್ಕಾರಿ ಹೋಟೆಲ್ ಕಾಲೇಜು ಅಂದರೆ ಐಎಚ್‌ಎಂಗೆ ಪ್ರಯತ್ನಿಸಿ, ಬೆಂಗಳೂರಿನಲ್ಲೂ ಗೋವಾದಲ್ಲೂ ಉಂಟು. ಟೂರ್ ಮತ್ತು ಕಾನ್ಫರೆನ್ಸ್ ಕಡೆ ಮನಸ್ಸಿದ್ದರೆ ಇಲ್ಲೇ ಬಿಬಿಎ ಅಥವಾ ಬಿಕಾಂ ಮಾಡಿ, ಶನಿವಾರ ಭಾನುವಾರ ಇವೆಂಟ್ ಕಂಪನಿಗೆ ಹೋಗಿ. ಆಮೇಲೂ ಓದಬೇಕು ಅನ್ನಿಸಿದರೆ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಕಾಲೇಜು ಐಐಟಿಟಿಎಂ ಉಂಟು, ಮುಖ್ಯ ಕೇಂದ್ರ ಗ್ವಾಲಿಯರ್, ಗೋವಾದಲ್ಲೂ ಕ್ಯಾಂಪಸ್ ಇದೆ.

ಕೋರ್ಸ್ ಸೇರುವ ಮುಂಚೆ ಕಾಲೇಜಿನವರನ್ನು ಪ್ಲೇಸ್‌ಮೆಂಟ್ ಶೇಕಡಾ ಎಷ್ಟು ಅಂತ ಕೇಳಬೇಡಿ, ಎಲ್ಲರೂ ನೂರು ಅನ್ನುತ್ತಾರೆ. ಇಂಟರ್ನ್‌ಶಿಪ್ ಎಲ್ಲಿ, ಎಷ್ಟು ತಿಂಗಳು, ಸ್ಟೈಪೆಂಡ್ ಉಂಟಾ, ಕಳೆದ ಬ್ಯಾಚಿನ ಇಬ್ಬರ ನಂಬರ್ ಕೊಡುತ್ತೀರಾ ಅಂತ ಕೇಳಿ.

ಊರು ಬಿಡಬೇಕಾ ಅನ್ನುವವರಿಗೆ: ಬೆಂಗಳೂರಿನಲ್ಲಿ ಕಾರ್ಪೊರೇಟ್ ಕೆಲಸ ಜಾಸ್ತಿ, ಗೋವಾದಲ್ಲಿ ಮದುವೆ ಜಾಸ್ತಿ, ಗಲ್ಫಿನಲ್ಲಿ ಸಂಬಳ ಜಾಸ್ತಿ. ಆದರೆ ಶುರು ಇಲ್ಲೇ ಮಾಡಿದರೆ ತುಳುವಿನಲ್ಲಿ ಎರಡು ಮಾತಾಡಿ ಶಾಮಿಯಾನದ ಅಣ್ಣನಿಂದ ರಾತ್ರಿ ಹನ್ನೆರಡಕ್ಕೆ ಐವತ್ತು ಕುರ್ಚಿ ಜಾಸ್ತಿ ತರಿಸಿಕೊಳ್ಳುವ ಅನುಕೂಲ ನಿಮಗಿರುತ್ತದೆ. ಬೇರೆ ಊರಿನಲ್ಲಿ ಅಷ್ಟು ಸಂಪರ್ಕ ಆಗಲು ವರ್ಷಗಳು ಬೇಕು. ಹೋಟೆಲ್‌ನಲ್ಲಿ ಎರಡು ವರ್ಷ, ಆಮೇಲೆ ಕಾನ್ಫರೆನ್ಸ್ ಅಥವಾ ಟೂರ್ ಆಫೀಸ್, ಆಮೇಲೆ ಬೇಕಿದ್ದರೆ ಹೊರಗೆ. ಇಲ್ಲಿನ ಮಧ್ಯಮವರ್ಗದ ಮನೆಯ ಮಕ್ಕಳಿಗೆ ನಾನು ಹೇಳುವ ಕ್ರಮ ಇದು. ಅಪ್ಪನದ್ದೇ ಹಾಲ್ ಇದ್ದವರಿಗೆ ನನ್ನ ಸಲಹೆ ಬೇಡ.

ಇಂಟರ್‌ವ್ಯೂನಲ್ಲಿ ನಾಚಿಕೆ ಬಿಟ್ಟು ಕೇಳಬೇಕಾದ್ದು ಕೆಲವು ಉಂಟು. ಸಂಬಳ ತಿಂಗಳದ್ದಾ, ಇವೆಂಟ್ ಲೆಕ್ಕದ್ದಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಕೆಲಸ? ರಾತ್ರಿ ಒಂದು ಗಂಟೆಗೆ ಕಾರ್ಯಕ್ರಮ ಮುಗಿದರೆ ಮನೆಗೆ ಗಾಡಿ ಉಂಟಾ? ಅಷ್ಟು ಹೊತ್ತಿಗೆ ಸಿಟಿ ಬಸ್ ಇರುವುದಿಲ್ಲ, ಹೆಣ್ಣುಮಕ್ಕಳಂತೂ ಇದನ್ನು ಬರೆಸಿಕೊಂಡೇ ಸೇರಬೇಕು. ಸೀಸನ್‌ಗೆ ಹುಡುಗರನ್ನು ತೆಗೆದುಕೊಳ್ಳುವುದು ದೀಪಾವಳಿಗೆ ಮುಂಚೆ, ಆದ್ದರಿಂದ ಬಯೋಡೇಟಾ ಸೆಪ್ಟೆಂಬರ್‌ನಲ್ಲೇ ಕಳಿಸಿ, ಎರಡು ದಿನ ಬಿಟ್ಟು ಒಂದು ಫೋನ್ ಮಾಡಿ.